ನಾಡಿಯೂ ನ್ಯಾಯವೂ

ವೈದ್ಯನ ಮುಂದೆಯೂ ವಕೀಲನ ಮುಂದೆಯೂ ಸುಳ್ಳು ಹೇಳಬಾರದೆಂದು ನಮ್ಮ ಹಿರಿಯರು ಹೇಳುವುದುಂಟು. ಒಬ್ಬನಲ್ಲಿ ಸುಳ್ಳಾಡಿದರೆ ದೇಹಕ್ಕೆ ಕೇಡು. ಇನ್ನೊಬ್ಬನಲ್ಲಿ ಸುಳ್ಳಾಡಿದರೆ ಮಾನಕ್ಕೂ ಆಸ್ತಿಗೂ ಕೇಡು. ಹೀಗೆ ಇಬ್ಬರನ್ನೂ ಒಂದೇ ಮಾತಿನಲ್ಲಿ ಸೇರಿಸುವ ನಾವು, ಅವರ ವಿದ್ಯೆಗಳನ್ನು ಮಾತ್ರ ಬಹು ದೂರದಲ್ಲಿ ಇರಿಸಿದ್ದೇವೆ. ಹತ್ತನೆಯ ತರಗತಿ ಮುಗಿಸಿದ ಮಗುವನ್ನು ಮನೆಗೆ ಬಂದವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಮುಂದೆ ಏನು? ಡಾಕ್ಟರೋ, ಲಾಯರೋ?' ಡಾಕ್ಟರಾಗಬೇಕೆಂದವರು ಜೀವಶಾಸ್ತ್ರ, ರಸಾಯನಶಾಸ್ತ್ರಗಳ ಕಡೆಗೆ ಹೊರಟುಹೋಗುತ್ತಾರೆ. ಲಾಯರಾಗಬೇಕೆಂದವರು ಚರಿತ್ರೆ, ರಾಜ್ಯಶಾಸ್ತ್ರಗಳ ಕಡೆಗೆ. ಆಮೇಲೆ ಇವರಿಬ್ಬರೂ ಒಬ್ಬರನ್ನೊಬ್ಬರು ಕಾಣುವುದು ಬಹುಮಟ್ಟಿಗೆ ನ್ಯಾಯಾಲಯದ ಸಾಕ್ಷಿಕಟ್ಟೆಯ ಬಳಿಯಲ್ಲಿಯೇ. ಆಗ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು.

ಈ ಎರಡು ವಿದ್ಯೆಗಳನ್ನೂ ಒಟ್ಟಿಗೆ ಕಲಿಯುವ ಏರ್ಪಾಡು ಕೆಲವು ದೇಶಗಳಲ್ಲಿ ಇದೆ. ಆಸ್ಟ್ರೇಲಿಯದ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ಆರೋಗ್ಯಶಾಸ್ತ್ರ ಅಥವಾ ಜೀವವೈದ್ಯಶಾಸ್ತ್ರದ ಪದವಿಯನ್ನೂ ನ್ಯಾಯಶಾಸ್ತ್ರದ ಪದವಿಯನ್ನೂ ಜೋಡಿಯಾಗಿ ಪಡೆಯಬಹುದು. ಇಂಥ ಜೋಡಿ ವಿದ್ಯೆಯಿಂದ ಏನು ಪ್ರಯೋಜನ? 'ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು' ಎಂಬ ಗಾದೆಯನ್ನು ಬಲ್ಲ ನಮಗೆ ಈ ಸಂದೇಹ ಬರುವುದು ಸಹಜ. ಇದಕ್ಕೆ ಉತ್ತರವನ್ನು ಪಠ್ಯಕ್ರಮದ ಪಟ್ಟಿಯಲ್ಲಿ ಹುಡುಕುವುದಕ್ಕಿಂತ, ಅದೇ ದೇಶದಲ್ಲಿ ನಡೆದ ಒಂದು ಮೊಕದ್ದಮೆಯಿಂದ ಪಡೆಯುವುದು ಮೇಲು.

ಒಂದು ದೂರವಾಣಿ ಕರೆ

೨೦೧೮ರ ಆಗಸ್ಟ್ ತಿಂಗಳು. ಕ್ಯಾನ್‌ಬೆರ ನಗರದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಕರೋಲಾ ವಿನ್ಯೂಸ ಎಂಬ ವಿಜ್ಞಾನಿಗೆ ಒಂದು ಕರೆ ಬಂದಿತು. ಕರೆದವನು ಹಿಂದೆ ಆಕೆಯಲ್ಲಿ ಪಾಠ ಕಲಿತು, ಅನಂತರ ವಕೀಲನಾಗಿದ್ದ ಒಬ್ಬ ಹಳೆಯ ವಿದ್ಯಾರ್ಥಿ. ವಿನ್ಯೂಸ ಅವರು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕುರಿತು ಸಂಶೋಧನೆ ಮಾಡುತ್ತಿದ್ದವರು. ಅಪರೂಪದ ಕಾಯಿಲೆಗಳ ಬೇರನ್ನು ಜೀನುಗಳಲ್ಲಿ ಹುಡುಕುವುದರಲ್ಲಿ ನುರಿತವರು. ವಕೀಲನು ಕೇಳಿದ ಪ್ರಶ್ನೆ ಇಷ್ಟು: ಒಂದೇ ತಾಯಿಯ ನಾಲ್ಕು ಮಕ್ಕಳು ಒಂದರ ಹಿಂದೆ ಒಂದು ಶೈಶವದಲ್ಲಿಯೇ ತೀರಿಕೊಂಡಿದ್ದರೆ, ಅದಕ್ಕೆ ಜೀನುಗಳಲ್ಲಿ ಕಾರಣವಿರಬಹುದೆ?

ಆ ತಾಯಿಯ ಹೆಸರು ಕ್ಯಾತಲೀನ್ ಫೋಲ್ಬಿಗ್. ನ್ಯೂ ಸೌತ್ ವೇಲ್ಸ್ ಪ್ರಾಂತದವಳು. ೧೯೮೯ರಿಂದ ೧೯೯೯ರವರೆಗಿನ ಹತ್ತು ವರ್ಷಗಳಲ್ಲಿ ಆಕೆಯ ಇಬ್ಬರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ತೀರಿಕೊಂಡರು. ಅತಿ ಚಿಕ್ಕ ಮಗುವಿಗೆ ಹತ್ತೊಂಬತ್ತು ದಿನ. ಅತಿ ದೊಡ್ಡದಕ್ಕೆ ಒಂದೂವರೆ ವರ್ಷ. ಉಸಿರುಕಟ್ಟಿಸಿ ಕೊಂದಳೆಂದು ಆಕೆಯ ಮೇಲೆ ಆರೋಪ ಬಂದಿತು. ಕೊಂದುದನ್ನು ಕಂಡವರು ಯಾರೂ ಇರಲಿಲ್ಲ. ಮಕ್ಕಳ ಮೈಮೇಲೆ ಉಸಿರುಕಟ್ಟಿಸಿದ ಗುರುತೂ ಇರಲಿಲ್ಲ. ಇದ್ದುದು ಎರಡು ವಿಷಯ. ಒಂದು, ಆಕೆ ಬರೆದಿಟ್ಟಿದ್ದ ದಿನಚರಿ. ಅದರಲ್ಲಿ ತನ್ನನ್ನೇ ಹಳಿದುಕೊಂಡ ಮಾತುಗಳಿದ್ದುವು. ಇನ್ನೊಂದು, ಒಂದೇ ಮನೆಯಲ್ಲಿ ನಾಲ್ಕು ಮಕ್ಕಳು ತಾವಾಗಿಯೇ ಸಾಯುವುದುಂಟೆ ಎಂಬ ತರ್ಕ. ೨೦೦೩ರಲ್ಲಿ ಜ್ಯೂರಿಯು, ಅಂದರೆ ಸಾಮಾನ್ಯ ನಾಗರಿಕರಿಂದ ಆಯ್ದ ನ್ಯಾಯಪಂಚರು, ಆಕೆಯನ್ನು ಅಪರಾಧಿಯೆಂದು ತೀರ್ಮಾನಿಸಿದರು. ಮೊದಲು ನಲವತ್ತು ವರ್ಷಗಳ ಶಿಕ್ಷೆಯಾಯಿತು. ೨೦೦೫ರಲ್ಲಿ ಅದು ಮೂವತ್ತಕ್ಕೆ ಇಳಿಯಿತು.

ವಿನ್ಯೂಸ ಮತ್ತು ಅವರ ಸಹೋದ್ಯೋಗಿಗಳು ತಾಯಿಯ ಜೀನುಗಳನ್ನು ಮೊದಲು ಓದಿದರು. ಅಲ್ಲಿ ಕ್ಯಾಲ್ಮ್-೨ ಎಂಬ ಜೀನಿನಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಬಿದ್ದಿತು. ಕಾಪಿಟ್ಟಿದ್ದ ಮಾದರಿಗಳಿಂದ ಮಕ್ಕಳ ಜೀನುಗಳನ್ನೂ ಪರೀಕ್ಷಿಸಿದಾಗ, ಇಬ್ಬರು ಹೆಣ್ಣುಮಕ್ಕಳಿಗೂ ಅದೇ ವ್ಯತ್ಯಾಸವು ತಾಯಿಯಿಂದ ಬಂದಿದ್ದುದು ತಿಳಿಯಿತು.

ಗುಂಡಿಗೆಯ ತಾಳ

ಈ ವ್ಯತ್ಯಾಸದಿಂದ ಏನಾಗುತ್ತದೆಂಬುದನ್ನು ವಾಚಕರು ತಿಳಿಯಬೇಕಾದರೆ ಗುಂಡಿಗೆಯ ಬಡಿತವನ್ನು ಸ್ವಲ್ಪ ಗಮನಿಸಬೇಕು. ಗುಂಡಿಗೆಯ ಸ್ನಾಯುಕೋಶಗಳು ಬಿಗಿಯುವುದೂ ಸಡಿಲುವುದೂ ಅವುಗಳೊಳಕ್ಕೆ ಸುಣ್ಣದ ಧಾತುವಾದ ಕ್ಯಾಲ್ಸಿಯಮ್ ಹರಿದುಬಂದು ಮತ್ತೆ ಹಿಂದೆ ಸರಿಯುವುದರಿಂದ. ಈ ಹರಿವು ಮಿತಿಮೀರದಂತೆ ಕಾಯಲು ಕೋಶದೊಳಗೆ ಕ್ಯಾಲ್ಮಾಡ್ಯುಲಿನ್ ಎಂಬ ಒಂದು ಪ್ರೋಟೀನಿದೆ. ಅದು ನಾಲ್ಕು ಕ್ಯಾಲ್ಸಿಯಮ್ ಅಯಾನುಗಳನ್ನು ಹಿಡಿದುಕೊಳ್ಳಬಲ್ಲುದು. ಹಿಡಿದಾಗ ಅದರ ಆಕಾರ ಬದಲಾಗುತ್ತದೆ. ಬದಲಾದ ಆಕಾರದಿಂದ ಅದು ಕೋಶದ ಪೊರೆಯಲ್ಲಿರುವ ಬಾಗಿಲುಗಳಿಗೆ 'ಇನ್ನು ಸಾಕು, ಮುಚ್ಚಿರಿ' ಎಂಬ ಸೂಚನೆಯನ್ನು ಕೊಡುತ್ತದೆ.

ಪ್ರೋಟೀನುಗಳೆಲ್ಲವೂ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಕ್ಯಾಲ್ಮಾಡ್ಯುಲಿನ್ನಿನ ಸರದಲ್ಲಿ ನೂರೈವತ್ತಕ್ಕೆ ಒಂದೆರಡು ಕಡಮೆ ಮಣಿಗಳಿವೆ. ಫೋಲ್ಬಿಗ್ ಮತ್ತು ಆಕೆಯ ಹೆಣ್ಣುಮಕ್ಕಳಲ್ಲಿ ೧೧೪ನೆಯ ಮಣಿ ಬದಲಾಗಿದ್ದಿತು. ಗ್ಲೈಸೀನ್ ಎಂಬ ಅತಿ ಸಣ್ಣ ಮಣಿ ಇರಬೇಕಾದ ಕಡೆ ಆರ್ಜಿನೀನ್ ಎಂಬ ದೊಡ್ಡ ಮಣಿ ಕುಳಿತಿದ್ದಿತು. ಡೆನ್ಮಾರ್ಕಿನ ಪ್ರಯೋಗಶಾಲೆಯೊಂದರಲ್ಲಿ ಈ ಬದಲಾದ ಪ್ರೋಟೀನನ್ನು ತಯಾರಿಸಿ ನೋಡಿದಾಗ, ಅದು ಕ್ಯಾಲ್ಸಿಯಮ್ಮನ್ನು ಹಿಡಿಯುವುದರಲ್ಲಿಯೂ ಬಾಗಿಲುಗಳನ್ನು ನಿಯಂತ್ರಿಸುವುದರಲ್ಲಿಯೂ ಸೋಲುವುದು ಕಂಡುಬಂದಿತು. ಇಂಥ ಕೊರೆಯುಳ್ಳ ಗುಂಡಿಗೆ ಬಹುಕಾಲ ಸರಿಯಾಗಿಯೇ ಬಡಿಯಬಹುದು. ಆದರೆ ಜ್ವರವೋ ಸೋಂಕೋ ಬಂದಾಗ ತಾಳ ತಪ್ಪಿ ನಿದ್ರೆಯಲ್ಲಿಯೇ ನಿಂತುಹೋಗಬಹುದು. ಹೆಣ್ಣುಮಕ್ಕಳಲ್ಲಿ ಒಬ್ಬಳ ಗುಂಡಿಗೆಯ ಸ್ನಾಯುವಿನಲ್ಲಿ ಉರಿಯೂತವಿದ್ದುದು ಮರಣೋತ್ತರ ಪರೀಕ್ಷೆಯಲ್ಲಿಯೇ ದಾಖಲಾಗಿದ್ದಿತು.

ಹಾಗಾದರೆ ಅದೇ ಕೊರೆಯುಳ್ಳ ತಾಯಿ ಬದುಕಿದ್ದಾಳಲ್ಲ ಎಂದು ವಾಚಕರು ಕೇಳಬಹುದು. ನ್ಯಾಯಾಲಯದಲ್ಲಿಯೂ ಈ ಪ್ರಶ್ನೆ ಎದ್ದಿತು. ಒಂದೇ ಜೀನಿನ ದೋಷ ಒಂದೇ ಕುಟುಂಬದ ಒಬ್ಬರನ್ನು ಕೊಲ್ಲುವುದು, ಇನ್ನೊಬ್ಬರನ್ನು ಬರಿಯ ತಲೆಸುತ್ತಿನಿಂದ ಬಿಟ್ಟುಬಿಡುವುದು, ಆನುವಂಶಿಕ ಕಾಯಿಲೆಗಳಲ್ಲಿ ಸಾಮಾನ್ಯ. ಜೀನು ಒಂದೇ ಆದರೂ ಅದರ ಸುತ್ತಲಿನ ಉಳಿದ ಜೀನುಗಳೂ ವಯಸ್ಸೂ ಸನ್ನಿವೇಶವೂ ಬೇರೆ ಬೇರೆ.

ಗಂಡುಮಕ್ಕಳಲ್ಲಿ ಕ್ಯಾಲ್ಮ್-೨ರ ಈ ಕೊರೆ ಇರಲಿಲ್ಲ. ಆದರೆ ಅವರಲ್ಲಿ ಬೇರೊಂದು ಜೀನಿನ ಎರಡು ಅಪರೂಪದ ವ್ಯತ್ಯಾಸಗಳಿದ್ದುವು. ಇಲಿಗಳಲ್ಲಿ ಆ ಜೀನು ಕೆಟ್ಟರೆ ಎಳೆಯ ವಯಸ್ಸಿನಲ್ಲಿಯೇ ಅಪಸ್ಮಾರ ಬಂದು ಮರಣ ಸಂಭವಿಸುತ್ತದೆ. ಆ ಹುಡುಗರಲ್ಲಿ ಒಬ್ಬನಿಗೆ ಸೆಳವು ಬರುತ್ತಿದ್ದುದು ವೈದ್ಯರಿಗೆ ಮೊದಲೇ ತಿಳಿದಿದ್ದಿತು.

ಎರಡು ಶಾಸ್ತ್ರಗಳು, ಎರಡು ಪ್ರಶ್ನೆಗಳು

ಇಷ್ಟು ತಿಳಿದ ಮೇಲೆ ಸೆರೆಮನೆಯ ಬಾಗಿಲು ಕೂಡಲೆ ತೆರೆಯಿತೆಂದು ಭಾವಿಸಬಾರದು. ೨೦೧೯ರಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಜೀನುತಜ್ಞರಲ್ಲಿಯೇ ಎರಡು ಪಕ್ಷಗಳಾದುವು. ಕ್ಯಾನ್‌ಬೆರದವರು ಈ ವ್ಯತ್ಯಾಸ ಬಹುಶಃ ಮಾರಕವೆಂದರು. ಸಿಡ್ನಿಯವರು ಅಷ್ಟು ಹೇಳಲು ಆಧಾರ ಸಾಲದೆಂದರು. ವಿಚಾರಣೆ ನಡೆಸಿದ ನ್ಯಾಯಾಧೀಶರು ಶಿಕ್ಷೆಯನ್ನು ಸಂಶಯಿಸಲು ಕಾರಣವಿಲ್ಲವೆಂದು ವರದಿ ಕೊಟ್ಟರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆಸ್ಪತ್ರೆಯಲ್ಲಿ ಜೀನುತಜ್ಞನು ಒಂದು ವ್ಯತ್ಯಾಸವನ್ನು 'ರೋಗಕಾರಕ' ಎಂದು ಕರೆಯುವ ಮುನ್ನ ಬಹು ಎಚ್ಚರಿಕೆಯಿಂದಿರುತ್ತಾನೆ. ನಿರಪಾಯವಾದುದನ್ನು ಅಪಾಯಕರವೆಂದರೆ ಆರೋಗ್ಯವಂತನಿಗೆ ಬೇಡದ ಚಿಕಿತ್ಸೆ ನಡೆದೀತು. ಆದುದರಿಂದ ಸಂದೇಹವಿದ್ದಲ್ಲಿ ಸುಮ್ಮನಿರುವುದೇ ಅವನ ಧರ್ಮ. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂದೇಹದ ಬೆಲೆಯೇ ಬೇರೆ. ಅಲ್ಲಿ ಆರೋಪಿಯು ತಾನು ನಿರಪರಾಧಿಯೆಂದು ಸಾಧಿಸಬೇಕಾಗಿಲ್ಲ. ಮಕ್ಕಳು ಸಹಜ ಕಾರಣದಿಂದ ಸತ್ತಿರಬಹುದೆಂಬ ಸಮಂಜಸವಾದ ಸಂಶಯ ಉಳಿದರೆ ಸಾಕು, ಶಿಕ್ಷೆ ನಿಲ್ಲದು. ವೈದ್ಯಶಾಸ್ತ್ರದಲ್ಲಿ 'ಇನ್ನೂ ಖಚಿತವಿಲ್ಲ' ಎಂಬ ಮಾತು ತಜ್ಞನ ಬಾಯಿ ಕಟ್ಟುತ್ತದೆ. ನ್ಯಾಯಶಾಸ್ತ್ರದಲ್ಲಿ ಅದೇ ಮಾತು ಆರೋಪಿಯನ್ನು ಬಿಡಿಸಬಲ್ಲುದು. ಒಂದೇ ಮಾತಿಗೆ ಎರಡು ಮನೆಗಳಲ್ಲಿ ಎರಡು ಫಲ. ಎರಡೂ ಮನೆಗಳ ರೀತಿಯನ್ನು ಬಲ್ಲವನಿಗೆ ಮಾತ್ರ ಈ ಭೇದ ತಟ್ಟನೆ ಹೊಳೆಯುವುದು.

ಮುಂದೆ ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ೨೦೨೧ರ ಮಾರ್ಚಿಯಲ್ಲಿ ತೊಂಬತ್ತು ಮಂದಿ ವಿಜ್ಞಾನಿಗಳೂ ವೈದ್ಯರೂ ಪ್ರಾಂತದ ಗವರ್ನರಿಗೆ ಮನವಿ ಸಲ್ಲಿಸಿದರು. ಅವರಲ್ಲಿ ನೊಬೆಲ್ ಪಾರಿತೋಷಕ ಪಡೆದವರೂ ಇದ್ದರು. ೨೦೨೨ರಲ್ಲಿ ನಿವೃತ್ತ ಮುಖ್ಯ ನ್ಯಾಯಾಧೀಶ ಟಾಮ್ ಬ್ಯಾತರ್ಸ್ಟ್ ಅವರ ಎರಡನೆಯ ವಿಚಾರಣೆ ಆರಂಭವಾಯಿತು. ಈ ಸಾರಿ ಆಸ್ಟ್ರೇಲಿಯದ ವಿಜ್ಞಾನ ಅಕಾಡೆಮಿಯನ್ನು ಸ್ವತಂತ್ರ ಸಲಹೆಗಾರನನ್ನಾಗಿ ಸೇರಿಸಿಕೊಂಡರು. ದಿನಚರಿಯ ಮಾತುಗಳನ್ನು ಮನೋವೈದ್ಯರು ಪರಿಶೀಲಿಸಿ, ಅವು ಮಕ್ಕಳನ್ನು ಕಳೆದುಕೊಂಡು ತನ್ನನ್ನೇ ದೂರಿಕೊಳ್ಳುವ ತಾಯಿಯ ದುಃಖದ ಮಾತುಗಳಾಗಿರಬಹುದೆಂದರು. ೨೦೨೩ರ ಜೂನ್ ೫ರಂದು ಫೋಲ್ಬಿಗ್‌ಗೆ ಕ್ಷಮಾದಾನವಾಗಿ ಬಿಡುಗಡೆಯಾಯಿತು. ಅದೇ ವರ್ಷದ ಡಿಸೆಂಬರ್ ೧೪ರಂದು ಮೇಲ್ಮನವಿ ನ್ಯಾಯಾಲಯವು ಆಕೆಯ ಮೇಲಿನ ಅಪರಾಧ ನಿರ್ಣಯಗಳನ್ನೆಲ್ಲ ರದ್ದುಪಡಿಸಿತು. ಅಷ್ಟರಲ್ಲಿ ಆಕೆ ಇಪ್ಪತ್ತು ವರ್ಷಗಳನ್ನು ಸೆರೆಯಲ್ಲಿ ಕಳೆದಿದ್ದಳು.

ಗುಣಾಕಾರ ಮಾಡಿದ ಅನ್ಯಾಯ

ಇದಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಇಂಥದೇ ಒಂದು ದುರಂತ ನಡೆದಿದ್ದಿತು. ಸ್ಯಾಲಿ ಕ್ಲಾರ್ಕ್ ಎಂಬಾಕೆ ಸ್ವತಃ ವಕೀಲೆ. ಆಕೆಯ ಇಬ್ಬರು ಕೂಸುಗಳು ೧೯೯೬ ಮತ್ತು ೧೯೯೮ರಲ್ಲಿ ತೀರಿಕೊಂಡುವು. ೧೯೯೯ರಲ್ಲಿ ವಿಚಾರಣೆ ನಡೆದಾಗ ಪ್ರಸಿದ್ಧ ಶಿಶುವೈದ್ಯರಾದ ರಾಯ್ ಮೆಡೊ ಅವರು ಸಾಕ್ಷ್ಯ ನುಡಿಯುತ್ತ ಒಂದು ಲೆಕ್ಕವನ್ನು ಮುಂದಿಟ್ಟರು. ಅಂಥ ಮನೆಯಲ್ಲಿ ಒಂದು ಕೂಸು ಅಕಾರಣವಾಗಿ ಸಾಯುವ ಸಂಭವ ೮,೫೪೩ರಲ್ಲಿ ಒಂದು. ಎರಡು ಕೂಸುಗಳು ಸಾಯುವ ಸಂಭವ ೮,೫೪೩ನ್ನು ಅದರಿಂದಲೇ ಗುಣಿಸಿದರೆ ಬರುವಷ್ಟು, ಎಂದರೆ ಸುಮಾರು ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು. ಈ ಸಂಖ್ಯೆಯನ್ನು ಕೇಳಿದವರಿಗೆ ಬೇರೆ ಸಾಕ್ಷಿ ಏಕೆ ಬೇಕು? ಕ್ಲಾರ್ಕ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಹೈಸ್ಕೂಲಿನ ಗಣಿತ ಬಲ್ಲವರೂ ಈ ಲೆಕ್ಕದ ತಪ್ಪನ್ನು ಹಿಡಿಯಬಹುದು. ಎರಡು ಸಂಭವಗಳನ್ನು ಗುಣಿಸಬೇಕಾದರೆ ಅವು ಒಂದರಿಂದೊಂದು ಸ್ವತಂತ್ರವಾಗಿರಬೇಕು. ನಾಣ್ಯವನ್ನು ಎರಡು ಸಾರಿ ಚಿಮ್ಮಿದರೆ ಮೊದಲ ಚಿಮ್ಮುಗೆಯ ನೆನಪು ಎರಡನೆಯದಕ್ಕೆ ಇರುವುದಿಲ್ಲ. ಆದರೆ ಒಂದೇ ತಾಯಿತಂದೆಯರ ಇಬ್ಬರು ಮಕ್ಕಳು ಎರಡು ನಾಣ್ಯಗಳಲ್ಲ. ಅವರ ಜೀನುಗಳೂ ಮನೆಯೂ ಒಂದೇ. ಮೊದಲ ಕೂಸಿಗೆ ಕೊರೆಯಿದ್ದರೆ ಎರಡನೆಯದಕ್ಕೂ ಇರುವ ಸಂಭವ ಹೆಚ್ಚು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಲಾಟರಿಯಲ್ಲಿ ಒಬ್ಬನಿಗೆ ಬಹುಮಾನ ಬರುವ ಸಂಭವ ಲಕ್ಷದಲ್ಲಿ ಒಂದಿರಬಹುದು. ಹಾಗೆಂದು ಬಹುಮಾನ ಬಂದವನನ್ನು ಹಿಡಿದು, 'ಲಕ್ಷಕ್ಕೆ ಒಂದರಂತೆ ಆಗುವುದು ನಿನಗೆ ಹೇಗೆ ಆಯಿತು? ನೀನು ಮೋಸಗಾರ' ಎನ್ನಲಾಗದು. ಎರಡು ಕೂಸುಗಳು ತಾವಾಗಿ ಸಾಯುವುದು ಅಪರೂಪ ನಿಜ. ಆದರೆ ತಾಯಿಯೊಬ್ಬಳು ಎರಡು ಕೂಸುಗಳನ್ನು ಕೊಲ್ಲುವುದೂ ಅಪರೂಪವೇ. ಯಾವುದು ಹೆಚ್ಚು ಅಪರೂಪವೆಂದು ಹೋಲಿಸಬೇಕೇ ಹೊರತು, ಒಂದರ ಅಪರೂಪವನ್ನು ಮಾತ್ರ ತೋರಿಸಿ ಇನ್ನೊಂದನ್ನು ಸಾಧಿಸಲಾಗದು. ೨೦೦೧ರಲ್ಲಿ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯು ಈ ಲೆಕ್ಕಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಸಾರಿತು. ಎರಡನೆಯ ಕೂಸಿನ ದೇಹದಲ್ಲಿ ರೋಗಾಣುಗಳು ಕಂಡುಬಂದಿದ್ದ ಪರೀಕ್ಷೆಯ ವರದಿಯನ್ನು ಪ್ರತಿವಾದಿಗಳಿಗೆ ತಿಳಿಸಿರಲಿಲ್ಲವೆಂಬುದೂ ಹೊರಬಿದ್ದಿತು. ೨೦೦೩ರಲ್ಲಿ ಕ್ಲಾರ್ಕ್ ಬಿಡುಗಡೆ ಹೊಂದಿದಳು. ಆದರೆ ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ ೨೦೦೭ರಲ್ಲಿ ಮರಣ ಹೊಂದಿದಳು.

ಆ ನ್ಯಾಯಾಲಯದಲ್ಲಿ ಬುದ್ಧಿವಂತರಿಗೆ ಕೊರತೆಯಿರಲಿಲ್ಲ. ವೈದ್ಯರಿಗೆ ವೈದ್ಯವೂ ವಕೀಲರಿಗೆ ಕಾನೂನೂ ಚೆನ್ನಾಗಿಯೇ ತಿಳಿದಿದ್ದುವು. ಎರಡಕ್ಕೂ ನಡುವೆ ಬಿದ್ದ ಒಂದು ಗುಣಾಕಾರವನ್ನು ಪ್ರಶ್ನಿಸುವ ಹೊಣೆ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಹದಿನಾಲ್ಕು ಸಾವಿರದಲ್ಲಿ ಒಂದು

ಈ ಎರಡು ವಿದ್ಯೆಗಳು ಕೂಡುವ ಸ್ಥಳ ಕೊಲೆಯ ಮೊಕದ್ದಮೆಯೊಂದೇ ಅಲ್ಲ. ೧೯೮೪ರಲ್ಲಿ ಆಸ್ಟ್ರೇಲಿಯದ ಒಬ್ಬ ಮಹಿಳೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ನಡೆಯಿತು. ಬಾಲ್ಯದಲ್ಲಿ ಪೆಟ್ಟು ಬಿದ್ದು ಆಕೆಯ ಬಲಗಣ್ಣು ಬಹುಮಟ್ಟಿಗೆ ಕುರುಡಾಗಿದ್ದಿತು, ಎಡಗಣ್ಣು ಚೆನ್ನಾಗಿದ್ದಿತು. ಆ ಒಳ್ಳೆಯ ಕಣ್ಣಿಗೆ ಏನಾದೀತೋ ಎಂಬ ಕಳವಳದಿಂದ ಆಕೆ ಡಾಕ್ಟರನ್ನು ಮತ್ತೆ ಮತ್ತೆ ಪ್ರಶ್ನಿಸಿದ್ದಳು. ಡಾಕ್ಟರು ನಿಪುಣರಾಗಿಯೇ ಶಸ್ತ್ರಕ್ರಿಯೆ ಮಾಡಿದರು. ಆದರೂ ಆಕೆ ಎಡಗಣ್ಣನ್ನು ಕಳೆದುಕೊಂಡಳು, ಬಲಗಣ್ಣೂ ಸುಧಾರಿಸಲಿಲ್ಲ.

ಹೀಗಾಗುವುದು ಹೇಗೆ? ಕಣ್ಣಿನ ಒಳಗಿನ ಕೆಲವು ಪದಾರ್ಥಗಳು ಹುಟ್ಟಿನಿಂದಲೂ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದೆ ಮರೆಯಾಗಿರುತ್ತವೆ. ಕಣ್ಣು ಸೀಳಿದಾಗ ಅವು ಹೊರಬಿದ್ದು, ರಕ್ತದ ಕಾವಲುಗಾರರಾದ ಬಿಳಿಯ ಕಣಗಳು ಅವನ್ನು ಪರಕೀಯವೆಂದು ಬಗೆದು ಮೇಲೆ ಬೀಳುತ್ತವೆ. ಹಾಗೆ ಎಚ್ಚೆತ್ತ ಕಣಗಳು ಅದೇ ಪದಾರ್ಥಗಳಿರುವ ಇನ್ನೊಂದು ಕಣ್ಣನ್ನೂ ಬಿಡುವುದಿಲ್ಲ. ಈ ಅಪಾಯ ಸುಮಾರು ೧೪,೦೦೦ ಶಸ್ತ್ರಕ್ರಿಯೆಗಳಲ್ಲಿ ಒಂದಕ್ಕೆ ಸಂಭವಿಸುವುದೆಂದು ಸಾಕ್ಷ್ಯ ಬಂದಿತು. ಅಷ್ಟು ಅಪರೂಪದ ಅಪಾಯವನ್ನು ತಾವೂ ಹೇಳುತ್ತಿರಲಿಲ್ಲವೆಂದು ಬೇರೆ ವೈದ್ಯರು ನುಡಿದರು.

೧೯೫೭ರ ಬೋಲಮ್ ಎಂಬ ಇಂಗ್ಲಿಷ್ ಮೊಕದ್ದಮೆಯ ತತ್ತ್ವದಂತೆ, ಜವಾಬ್ದಾರಿಯುತ ವೈದ್ಯರ ಒಂದು ಪಂಗಡವು ಒಪ್ಪುವ ರೀತಿಯಲ್ಲಿ ನಡೆದುಕೊಂಡ ಡಾಕ್ಟರು ತಪ್ಪಿತಸ್ಥನಲ್ಲ. ಆದರೆ ೧೯೯೨ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು, ಅದೇ ಆ ದೇಶದ ಅತ್ಯುಚ್ಚ ನ್ಯಾಯಾಲಯ, ರಾಜರ್ಸ್ ಮತ್ತು ವಿಟೇಕರ್ ಮೊಕದ್ದಮೆಯಲ್ಲಿ ಬೇರೆ ದಾರಿ ಹಿಡಿಯಿತು. ಚಿಕಿತ್ಸೆ ಹೇಗೆ ಮಾಡಬೇಕೆಂಬುದು ವೈದ್ಯರ ವಿಷಯ. ಯಾವ ಅಪಾಯವನ್ನು ಸಹಿಸಬೇಕೆಂಬುದು ರೋಗಿಯ ವಿಷಯ. ಆದುದರಿಂದ ಆ ರೋಗಿಗೆ ಯಾವ ಅಪಾಯ ಮಹತ್ತ್ವದ್ದೋ ಅದನ್ನು ತಿಳಿಸಲೇಬೇಕೆಂದು ನಿರ್ಣಯವಾಯಿತು. ಎರಡೂ ಕಣ್ಣುಳ್ಳವನಿಗೆ ಹದಿನಾಲ್ಕು ಸಾವಿರದಲ್ಲಿ ಒಂದು ಎಂಬುದು ಸಣ್ಣ ಸಂಖ್ಯೆ. ಒಂದೇ ಕಣ್ಣುಳ್ಳವಳಿಗೆ ಅದು ಸಣ್ಣದಲ್ಲ.

ಆರೋಗ್ಯವನ್ನು ಕಾಯುವುದಕ್ಕೂ ಕಾನೂನು ಸಾಧನವಾಗಬಲ್ಲುದು. ೨೦೧೧ರಲ್ಲಿ ಆಸ್ಟ್ರೇಲಿಯವು ಸಿಗರೇಟಿನ ಪೊಟ್ಟಣಗಳ ಮೇಲೆ ಬಣ್ಣಬಣ್ಣದ ಲಾಂಛನಗಳನ್ನು ನಿಷೇಧಿಸುವ ಶಾಸನ ಮಾಡಿತು. ಎಲ್ಲ ಪೊಟ್ಟಣಗಳೂ ಒಂದೇ ಮಂಕು ಬಣ್ಣದವಾಗಿ, ಹೆಸರು ಒಂದೇ ಬಗೆಯ ಅಕ್ಷರದಲ್ಲಿರಬೇಕು. ಜಗತ್ತಿನಲ್ಲಿಯೇ ಇದು ಮೊದಲು. ಲಾಂಛನ ನಮ್ಮ ಆಸ್ತಿ, ಸರಕಾರ ಅದನ್ನು ಕಿತ್ತುಕೊಂಡಿತೆಂದು ಕಂಪೆನಿಗಳು ವಾದಿಸಿದುವು. ಬಳಕೆಯನ್ನು ತಡೆಯುವುದು ಬೇರೆ, ಆಸ್ತಿಯನ್ನು ತಾನೇ ಪಡೆಯುವುದು ಬೇರೆ; ಸರಕಾರವು ಏನನ್ನೂ ಪಡೆದಿಲ್ಲವೆಂದು ೨೦೧೨ರಲ್ಲಿ ಹೈಕೋರ್ಟಿನ ಏಳು ನ್ಯಾಯಾಧೀಶರಲ್ಲಿ ಆರು ಮಂದಿ ತೀರ್ಪಿತ್ತರು. ಇಂಥ ಶಾಸನವನ್ನು ರಚಿಸಬೇಕಾದರೆ ಹೊಗೆಸೊಪ್ಪು ಶ್ವಾಸಕೋಶಕ್ಕೆ ಏನು ಮಾಡುವುದೆಂಬುದೂ ತಿಳಿದಿರಬೇಕು, ಸಂವಿಧಾನವು ಆಸ್ತಿಯ ವಿಷಯದಲ್ಲಿ ಏನು ಹೇಳುವುದೆಂಬುದೂ ತಿಳಿದಿರಬೇಕು.

ಜೋಡಿ ಪದವಿಯಲ್ಲಿ ಏನನ್ನು ಕಲಿಯುತ್ತಾರೆ?

ಈಗ ಪಠ್ಯಕ್ರಮದ ಕಡೆಗೆ ಬರೋಣ. ಆಸ್ಟ್ರೇಲಿಯದಲ್ಲಿ ನ್ಯಾಯಶಾಸ್ತ್ರವನ್ನು ಮಾತ್ರ ಓದಿದರೆ ನಾಲ್ಕು ವರ್ಷ. ಆರೋಗ್ಯಶಾಸ್ತ್ರಕ್ಕೆ ಮೂರು ವರ್ಷ. ಒಂದಾದ ಮೇಲೊಂದು ಓದಿದರೆ ಏಳಾಗಬೇಕು. ಜೋಡಿಯಾಗಿ ಓದಿದರೆ ಸಾಮಾನ್ಯವಾಗಿ ಐದು ಅಥವಾ ಐದೂವರೆ ವರ್ಷಕ್ಕೆ ಮುಗಿಯುತ್ತದೆ. ಪ್ರತಿಯೊಂದು ಪದವಿಯಲ್ಲಿಯೂ ಐಚ್ಛಿಕ ವಿಷಯಗಳಿಗಾಗಿ ಜಾಗ ಬಿಟ್ಟಿರುತ್ತಾರೆ; ಜೋಡಿ ಪದವಿಯಲ್ಲಿ ಒಂದರ ಕಡ್ಡಾಯ ವಿಷಯಗಳು ಇನ್ನೊಂದರ ಐಚ್ಛಿಕದ ಜಾಗವನ್ನು ತುಂಬುತ್ತವೆ. ಉಳಿತಾಯದ ಗುಟ್ಟು ಇಷ್ಟೆ.

ಆರೋಗ್ಯಶಾಸ್ತ್ರದ ಕಡೆಯಿಂದ ಅಂಗರಚನೆ, ದೇಹವ್ಯಾಪಾರ, ರೋಗಗಳು ಜನರಲ್ಲಿ ಹರಡುವ ರೀತಿ, ಸಂಖ್ಯಾಶಾಸ್ತ್ರ, ಸಾರ್ವಜನಿಕ ಆರೋಗ್ಯ, ವೈದ್ಯನೀತಿ ಮುಂತಾದುವನ್ನು ಓದುತ್ತಾರೆ. ನ್ಯಾಯಶಾಸ್ತ್ರದ ಕಡೆಯಿಂದ ವಕೀಲಿಗೆ ಅಗತ್ಯವೆಂದು ಗೊತ್ತುಮಾಡಿದ ಹನ್ನೊಂದು ವಿಷಯಗಳಿವೆ. ಇವನ್ನು ಗೊತ್ತುಮಾಡಿದ ಸಮಿತಿಯ ಅಧ್ಯಕ್ಷರ ಹೆಸರಿನಿಂದ 'ಪ್ರೀಸ್ಟ್ಲಿ ಹನ್ನೊಂದು' ಎಂದೇ ಕರೆಯುವ ರೂಢಿ. ಅಪರಾಧ ಕಾನೂನು, ಕರಾರು, ಆಸ್ತಿ, ಸಂವಿಧಾನ, ಸಾಕ್ಷ್ಯ, ಅನ್ಯರ ಅಜಾಗ್ರತೆಯಿಂದಾದ ಹಾನಿಗೆ ಪರಿಹಾರ ಮೊದಲಾದುವು ಇದರಲ್ಲಿ ಸೇರಿವೆ.

ಒಂದು ಭ್ರಮೆಯನ್ನು ಇಲ್ಲಿಯೇ ನಿವಾರಿಸಬೇಕು. ಆರೋಗ್ಯಶಾಸ್ತ್ರದ ಪದವಿ ಪಡೆದವನು ಡಾಕ್ಟರಲ್ಲ. ಅವನು ಔಷಧವನ್ನು ಬರೆದುಕೊಡುವಂತಿಲ್ಲ. ಕಾನೂನಿನ ಪದವಿ ಪಡೆದ ಮಾತ್ರಕ್ಕೆ ನ್ಯಾಯಾಲಯದಲ್ಲಿ ವಾದಿಸುವಂತೆಯೂ ಇಲ್ಲ. ಅದಕ್ಕೆ ಮೇಲೆ ಪ್ರಾಯೋಗಿಕ ತರಬೇತಿ ಬೇಕು. ಅಮೆರಿಕದಲ್ಲಿ ಪೂರ್ಣ ವೈದ್ಯ ಪದವಿಯನ್ನೂ ನ್ಯಾಯ ಪದವಿಯನ್ನೂ ಒಟ್ಟಿಗೆ ಕೊಡುವ ಕೆಲವು ವಿಶ್ವವಿದ್ಯಾಲಯಗಳಿವೆ. ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಆರು ವರ್ಷ ಹಿಡಿಯುತ್ತದೆ. ಆ ದಾರಿ ಕಡಿದು, ಹಿಡಿಯುವವರು ವಿರಳ. ಜೋಡಿ ಪದವಿ ಪಡೆದವರು ಆರೋಗ್ಯ ಇಲಾಖೆಗಳಲ್ಲಿ, ಆಸ್ಪತ್ರೆಗಳ ಆಡಳಿತದಲ್ಲಿ, ಔಷಧಗಳ ನಿಯಂತ್ರಣದಲ್ಲಿ, ರೋಗಿಗಳ ದೂರುಗಳನ್ನು ವಿಚಾರಿಸುವ ಕಚೇರಿಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಓದುವ ಐದು ವರ್ಷಗಳು ಮಾತ್ರ ಹಗುರವಲ್ಲ. ಬೆಳಗ್ಗೆ ಮೂತ್ರಪಿಂಡದ ರಚನೆಯನ್ನು ಕಲಿತು ಮಧ್ಯಾಹ್ನ ನೂರು ಪುಟದ ತೀರ್ಪನ್ನು ಓದಬೇಕಾಗುತ್ತದೆ. ಎರಡರಲ್ಲಿಯೂ ಆಸಕ್ತಿಯಿಲ್ಲದವನು ಎರಡು ದೋಣಿಗಳ ಮೇಲೆ ಕಾಲಿಟ್ಟವನಂತೆ ನಡುವೆ ಬೀಳುವನು.

ಹಳೆಯ ನಂಟು

ಈ ನಂಟು ಇಂದಿನದಲ್ಲ. ಹದಿನೇಳನೆಯ ಶತಮಾನದಲ್ಲಿಯೇ ರೋಮಿನ ವೈದ್ಯ ಪಾವೊಲೊ ಜಾಕಿಯಾ, ನ್ಯಾಯಾಧೀಶರಿಗೆ ಎದುರಾಗುವ ವೈದ್ಯಪ್ರಶ್ನೆಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದನು; ಅದರ ಮೊದಲ ಭಾಗ ೧೬೨೧ರಲ್ಲಿ ಹೊರಬಂದಿತು. ೧೮೩೨ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜೇಮ್ಸ್ ಮಾರ್ಷ್ ಒಂದು ಕೊಲೆಯ ವಿಚಾರಣೆಯಲ್ಲಿ ಕಾಫಿಯೊಳಗಿದ್ದ ಪಾಷಾಣವನ್ನು ಪತ್ತೆಮಾಡಿದನು. ಆದರೆ ಅವನು ತಯಾರಿಸಿದ ಹಳದಿಯ ಗಸಿಯು ಜ್ಯೂರಿಯ ಮುಂದೆ ಬರುವ ವೇಳೆಗೆ ಕೆಟ್ಟುಹೋಗಿದ್ದಿತು, ಆರೋಪಿ ಖುಲಾಸೆಯಾದನು. ಪ್ರಯೋಗಶಾಲೆಯಲ್ಲಿ ನಿಜವಾಗಿದ್ದರೆ ಸಾಲದು, ನ್ಯಾಯಾಲಯದವರೆಗೆ ಅದು ಉಳಿದು ಬರಬೇಕೆಂದು ಅರಿತ ಮಾರ್ಷ್, ೧೮೩೬ರಲ್ಲಿ ಪಾಷಾಣವು ಗಾಜಿನ ಮೇಲೆ ಹೊಳೆಯುವ ಕಪ್ಪು ಕನ್ನಡಿಯಾಗಿ ನಿಲ್ಲುವ ಪರೀಕ್ಷೆಯನ್ನು ಕಂಡುಹಿಡಿದನು. ನಮ್ಮ ದೇಶದಲ್ಲಿ ಜೈಸಿಂಗ್ ಪಿ. ಮೋದಿಯವರು ೧೯೨೦ರಲ್ಲಿ ಪ್ರಕಟಿಸಿದ ವೈದ್ಯನ್ಯಾಯಶಾಸ್ತ್ರದ ಗ್ರಂಥವನ್ನು ತಲೆಮಾರುಗಳಿಂದ ವೈದ್ಯ ವಿದ್ಯಾರ್ಥಿಗಳೂ ವಕೀಲರೂ ಓದುತ್ತ ಬಂದಿದ್ದಾರೆ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ವೈದ್ಯ ಪದವಿಯನ್ನೂ ನ್ಯಾಯ ಪದವಿಯನ್ನೂ ಜೋಡಿಯಾಗಿ ಪಡೆಯುವ ರೂಢಿಯಿಲ್ಲ. ಆದರೆ ಬಾಗಿಲು ಮುಚ್ಚಿಲ್ಲ. ಯಾವ ಪದವಿ ಪಡೆದವರೂ ಮೂರು ವರ್ಷಗಳ ನ್ಯಾಯಶಾಸ್ತ್ರವನ್ನು ಓದಬಹುದು. ಡಾಕ್ಟರು, ನರ್ಸು, ಔಷಧಶಾಸ್ತ್ರದ ಪದವೀಧರ ಯಾರಿಗೂ ಅಡ್ಡಿಯಿಲ್ಲ. ವಿಜ್ಞಾನವನ್ನೂ ಕಾನೂನನ್ನೂ ಐದು ವರ್ಷಗಳಲ್ಲಿ ಸೇರಿಸಿ ಕಲಿಸುವ ಪದವಿಗಳು ಕೆಲವೆಡೆ ಇವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ವೈದ್ಯಕಾನೂನು ಮತ್ತು ವೈದ್ಯನೀತಿಯ ಡಿಪ್ಲೊಮಾ ಇದ್ದು, ಅದನ್ನು ದೂರಶಿಕ್ಷಣದ ಮೂಲಕ ಕಲಿಯಬಹುದು.

ಎರಡನ್ನೂ ಕಲಿಯಬಹುದಾದರೂ ಎರಡು ವೃತ್ತಿಗಳನ್ನೂ ಏಕಕಾಲದಲ್ಲಿ ನಡೆಸುವಂತಿಲ್ಲ. ಮುಂಬಯಿಯ ಒಬ್ಬ ವೈದ್ಯರು ತಮ್ಮ ವೃತ್ತಿಯನ್ನು ಬಿಡದೆ ವಕೀಲರಾಗಿ ನೋಂದಾಯಿಸಿಕೊಳ್ಳಲು ಯತ್ನಿಸಿದರು. ವಕೀಲಿಯು ಪೂರ್ಣ ಗಮನವನ್ನು ಬೇಡುವ ವೃತ್ತಿಯಾದುದರಿಂದ ಇದು ಸಲ್ಲದೆಂದು ೧೯೯೬ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಆದರೆ ಇಂಥ ವಿದ್ಯೆಯ ಅಗತ್ಯ ನಮ್ಮಲ್ಲಿಯೂ ಬೆಳೆಯುತ್ತಿದೆ. ಹಣ ಪಡೆದು ಮಾಡುವ ವೈದ್ಯಸೇವೆಯೂ ಗ್ರಾಹಕ ಕಾನೂನಿಗೆ ಒಳಪಟ್ಟಿದೆಯೆಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ ಹೇಳಿತು. ಚಿಕಿತ್ಸೆಗೆ ಮುನ್ನ ರೋಗಿಯಿಂದ ತಿಳಿವಳಿಕೆಯುಳ್ಳ ಒಪ್ಪಿಗೆ ಪಡೆಯಬೇಕೆಂದು ೨೦೦೮ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಹೇಳಿದರೂ, ಬಹು ದೂರದ ಅಪಾಯಗಳನ್ನೆಲ್ಲ ತಿಳಿಸಬೇಕಾಗಿಲ್ಲವೆಂದಿತು; ಇಲ್ಲಿ ಆಸ್ಟ್ರೇಲಿಯದ ದಾರಿಯೂ ನಮ್ಮ ದಾರಿಯೂ ಬೇರೆಯಾಗುತ್ತವೆ. ಗುಣವಾಗದ ರೋಗಿಯ ಜೀವಾಧಾರ ಯಂತ್ರಗಳನ್ನು ಯಾವಾಗ, ಯಾರ ಒಪ್ಪಿಗೆಯಿಂದ ತೆಗೆಯಬಹುದೆಂಬ ಬಗ್ಗೆ ಸುಪ್ರೀಂ ಕೋರ್ಟು ೨೦೧೮ರಲ್ಲಿ ನಿಯಮಗಳನ್ನು ವಿಧಿಸಿ ೨೦೨೩ರಲ್ಲಿ ಸರಳಗೊಳಿಸಿತು. ಕರ್ನಾಟಕ ಸರಕಾರವು ೨೦೨೫ರ ಜನವರಿಯಲ್ಲಿ ಅವನ್ನು ಜಾರಿಗೆ ತರುವ ಸುತ್ತೋಲೆಯನ್ನು ಹೊರಡಿಸಿತು. ಇನ್ನು ಮುಂದೆ ಆಸ್ಪತ್ರೆಯ ತುರ್ತುಕೊಠಡಿಯ ಹೊರಗೆ ಕುಳಿತ ಕುಟುಂಬಕ್ಕೆ ಈ ನಿಯಮಗಳನ್ನು ಯಾರಾದರೂ ತಿಳಿಯಾದ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಹಾಗೆ ಹೇಳುವವನಿಗೆ ಮಿದುಳಿನ ಸ್ಥಿತಿಯೂ ತಿಳಿದಿರಬೇಕು, ತೀರ್ಪಿನ ಷ್ಠರತ್ತೂ ತಿಳಿದಿರಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಲ್ಲರೂ ಎರಡು ಪದವಿಗಳನ್ನು ಪಡೆಯಬೇಕೆಂದು ಈ ಲೇಖನದ ಅಭಿಪ್ರಾಯವಲ್ಲ. ಜೀವಶಾಸ್ತ್ರವನ್ನು ಓದುವವರು ಆಗೊಮ್ಮೆ ಒಂದು ತೀರ್ಪನ್ನು ಓದಿರಿ. ಕಾನೂನಿನ ಕಡೆಗೆ ಹೋಗುವವರು ಸಂಭವದ ಗಣಿತವನ್ನು ಮರೆಯದಿರಿ. ಕರೆಮಾಡಿದ ಆ ವಕೀಲನು ತಾನೇ ಜೀನುಗಳನ್ನು ಓದಲಿಲ್ಲ, ತಾನೇ ಪ್ರೋಟೀನನ್ನು ತಯಾರಿಸಲಿಲ್ಲ. ಕಾನೂನಿನ ಕಡತದಲ್ಲಿದ್ದ ಒಂದು ಪ್ರಶ್ನೆ ವಿಜ್ಞಾನದ್ದೆಂದು ಗುರುತಿಸಿ, ಅದನ್ನು ಯಾರಲ್ಲಿ ಕೇಳಬೇಕೆಂದು ತಿಳಿದು, ಕರೆಮಾಡಿದನು. ಅವನು ಮಾಡಿದುದು ಅಷ್ಟೆ. ಐದು ವರ್ಷಗಳ ತರುವಾಯ ಒಬ್ಬ ಹೆಂಗಸು ಸೆರೆಮನೆಯಿಂದ ಹೊರಗೆ ಬಂದಳು.